ಮೊಣಕಾಲು ಹಿಡಿಯುವ, ಬಿಡುವ ಕಂಪ್ಯೂಟರ್: ಹೊಸ ಕ್ಯಾಲಿಪರ್ ಕೆಲಸ ಮಾಡುವುದು ಹೀಗೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾ ಒಂದು ಕ್ಸೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಮೊದಲು ಅದು ಎಸ್‌ಟಿಡಿ ಬೂತ್ ಆಗಿತ್ತು. ಆಗ ಬೂತ್ ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು, ಹಾಗೆ ಸಿಕ್ಕಿದ್ದು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಅವರ ಬಲಗಾಲು ಸೊರಗಿತು. ಈಗ ಅವರಿಗೆ ಐವತ್ತು ದಾಟಿದೆ.

ಹೋದ ತಿಂಗಳು ಅವರ ಮೊಬೈಲಿಗೆ ಒಂದು ವಿಡಿಯೊ ಬಂತು. ಒಬ್ಬ ಮನುಷ್ಯ ಕಾಲಿಗೆ ಕಪ್ಪನೆಯ ಸಾಧನ ಕಟ್ಟಿಕೊಂಡು ಮೆಟ್ಟಿಲು ಇಳಿಯುತ್ತಿದ್ದಾನೆ. ಒಂದು ಮೆಟ್ಟಿಲಿಗೆ ಒಂದು ಕಾಲು, ಮುಂದಿನದಕ್ಕೆ ಇನ್ನೊಂದು, ನಮ್ಮ ನಿಮ್ಮ ಹಾಗೆ. ಕಾಕಾ ಅದನ್ನು ನಾಲ್ಕೈದು ಸಲ ನೋಡಿದರು. ಆಮೇಲೆ ನನ್ನ ಕೈಗೆ ಫೋನ್ ಕೊಟ್ಟು, "ತಮ್ಮಾ, ಇವನ ಮೊಣಕಾಲ ಮಡಚಾಕತ್ತೈತಿ ನೋಡು. ಆದ್ರೂ ಮನಿಷ್ಯಾ ಬೀಳವಲ್ಲ. ಹೆಂಗಿದು?" ಎಂದರು.

ಐವತ್ತು ವರ್ಷ ಪೋಲಿಯೊ ಕಾಲಿನ ಮೇಲೆ ಬದುಕಿದ ಮನುಷ್ಯನಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಮೊಣಕಾಲು ಮಡಚಿದರೆ ಬೀಳುತ್ತೇವೆ ಅನ್ನುವುದು ಅವರು ಚಿಕ್ಕಂದಿನಿಂದ ಕಲಿತ ಮೊದಲ ಪಾಠ. ಆ ಸಾಧನಕ್ಕೆ ಕಂಪ್ಯೂಟರ್ ಬ್ರೇಸ್ ಅನ್ನುತ್ತಾರೆ, ಅಂದರೆ ಕಂಪ್ಯೂಟರ್ ಇರುವ ಕ್ಯಾಲಿಪರ್. ಕಾಲಿನ ಶಕ್ತಿ ಕಳೆದುಕೊಂಡವರು ಮನೆಯಲ್ಲೋ ಓಣಿಯಲ್ಲೋ ಇದ್ದರೆ ಈ ವಿಡಿಯೊ ನಿಮಗೂ ಬಂದಿರಬಹುದು. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಯಾರಿಗೆ ಹೊಂದುತ್ತದೆ ಅನ್ನುವುದನ್ನು ಬುಡದಿಂದ ನೋಡೋಣ.

ತೊಡೆಯ ಮೇಲೆ ಕೈ ಯಾಕೆ?

ಪೋಲಿಯೊ ಆದವರು ನಡೆಯುವುದನ್ನು ನೀವು ನೋಡಿರುತ್ತೀರಿ. ಹಲವರು ಸೊರಗಿದ ಕಾಲಿನ ತೊಡೆಯ ಮೇಲೆ ಕೈ ಊರಿ, ಪ್ರತಿ ಹೆಜ್ಜೆಗೂ ಅದನ್ನು ಹಿಂದಕ್ಕೆ ಒತ್ತುತ್ತಾ ನಡೆಯುತ್ತಾರೆ. ನೋವು ಇದೆ ಅಂತ ಕೈ ಇಟ್ಟದ್ದಲ್ಲ. ಆ ಕೈ ಒಂದು ಸ್ನಾಯುವಿನ ಕೆಲಸ ಮಾಡುತ್ತಿದೆ.

ತೊಡೆಯ ಮುಂಭಾಗದಲ್ಲಿ ನಾಲ್ಕು ಭಾಗದ ಒಂದು ದೊಡ್ಡ ಸ್ನಾಯು ಇದೆ. ಮೊಣಕಾಲನ್ನು ನೇರ ಮಾಡುವುದು ಅದೇ. ನಾವು ಕಾಲೂರಿ ಮೈಭಾರ ಹಾಕಿದಾಗ ಮೊಣಕಾಲು ಕುಸಿಯದಂತೆ ಹಿಡಿದು ನಿಲ್ಲಿಸುವುದೂ ಅದೇ. ಪೋಲಿಯೊ ವೈರಸ್ ಬೆನ್ನುಹುರಿಯಲ್ಲಿರುವ, ಸ್ನಾಯುಗಳಿಗೆ ಅಪ್ಪಣೆ ಕಳಿಸುವ ನರಕೋಶಗಳನ್ನು ಕೊಲ್ಲುತ್ತದೆ. ಅಪ್ಪಣೆ ಬಾರದ ಸ್ನಾಯು ಸೊರಗುತ್ತದೆ. ಸ್ಪರ್ಶ, ಬಿಸಿ, ನೋವು ತಿಳಿಸುವ ನರಗಳು ಮಾತ್ರ ಹಾಗೇ ಉಳಿದಿರುತ್ತವೆ. ಆದ್ದರಿಂದ ಕಾಕಾರ ಕಾಲಿಗೆ ಇರುವೆ ಕಚ್ಚಿದರೂ ಗೊತ್ತಾಗುತ್ತದೆ, ಆದರೆ ಕಾಲು ಅವರ ಭಾರ ಹೊರುವುದಿಲ್ಲ.

ಸ್ನಾಯು ಹಿಡಿಯದಿದ್ದರೆ ಕೈಯಾದರೂ ಹಿಡಿಯಬೇಕಲ್ವಾ? ತೊಡೆಯನ್ನು ಹಿಂದಕ್ಕೆ ಒತ್ತಿದರೆ ಮೊಣಕಾಲು ಮುಂದೆ ಮಡಚುವುದಿಲ್ಲ. ಯಾರೂ ಹೇಳಿಕೊಡದೆ ಮಕ್ಕಳೇ ಕಂಡುಕೊಂಡ ಉಪಾಯ ಇದು. ಆದರೆ ಒಂದು ಕೈ ಸದಾ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಬೆನ್ನು ಬಾಗುತ್ತದೆ. ಆ ಕೈ ಬಿಡಿಸಲೆಂದೇ ಕ್ಯಾಲಿಪರ್ ಬಂತು.

ಟಕ್ ಅನ್ನುವ ಲಾಕ್

ಕಾಕಾರ ಮೊದಲ ಕ್ಯಾಲಿಪರ್ ಮಿರಜಿನಲ್ಲಿ ಮಾಡಿಸಿದ್ದು. ಎರಡು ಕಡೆ ಉಕ್ಕಿನ ಪಟ್ಟಿ, ತೊಡೆಗೆ ಮತ್ತು ಮೀನಖಂಡಕ್ಕೆ ಚರ್ಮದ ಬೆಲ್ಟು, ಕೆಳಗೆ ಕಪ್ಪು ಬೂಟು. ಮೊಣಕಾಲಿನ ಹತ್ತಿರ ಎರಡು ಪಟ್ಟಿಗೂ ಒಂದೊಂದು ಬಳೆ. ಎದ್ದು ನಿಂತಾಗ ಬಳೆ ಜಾರಿ ಕೀಲಿನ ಮೇಲೆ ಕೂರುತ್ತದೆ, ಟಕ್ ಅಂತ ಶಬ್ದ ಬರುತ್ತದೆ. ಇನ್ನು ಮೊಣಕಾಲು ಮಡಚುವುದಿಲ್ಲ. ಕೂರಬೇಕಾದರೆ ಪ್ಯಾಂಟಿನ ಮೇಲಿಂದಲೇ ಆ ಬಳೆಗಳನ್ನು ಮೇಲಕ್ಕೆ ಎಳೆಯಬೇಕು. ಕಾಕಾರ ಎಲ್ಲ ಪ್ಯಾಂಟುಗಳೂ ಅದೇ ಜಾಗದಲ್ಲಿ ಸವೆದಿರುತ್ತವೆ. ಕಾಕು ಒಳಗಿನಿಂದ ಒಂದು ತುಂಡು ಬಟ್ಟೆ ಕೊಟ್ಟು ಹೊಲಿಯುತ್ತಾರೆ. ಬಾಗಿಲಾಚೆ ಆ ಟಕ್ ಕೇಳಿದರೆ ಕಾಕಾ ಬಂದರು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಈ ಲಾಕ್ ಬೀಳದಂತೆ ಕಾಪಾಡುತ್ತದೆ, ಅದಕ್ಕೆ ಎರಡು ಮಾತಿಲ್ಲ. ಆದರೆ ನಡಿಗೆಯನ್ನು ಕಷ್ಟ ಮಾಡುತ್ತದೆ. ಯಾಕೆ ಅಂತ ತಿಳಿಯಲು ನಿಮ್ಮದೇ ಒಂದು ಹೆಜ್ಜೆ ನೋಡಿಕೊಳ್ಳಿ.

ಹೆಜ್ಜೆಗೆ ಎರಡು ಭಾಗ. ಪಾದ ನೆಲದ ಮೇಲಿರುವುದು ಒಂದು, ಗಾಳಿಯಲ್ಲಿ ಮುಂದಕ್ಕೆ ಬೀಸುವುದು ಇನ್ನೊಂದು. ಮಾಮೂಲಿ ನಡಿಗೆಯಲ್ಲಿ ನೂರರಲ್ಲಿ ಸುಮಾರು 60 ಪಾಲು ಹೊತ್ತು ಪಾದ ನೆಲದ ಮೇಲೆ, 40 ಪಾಲು ಗಾಳಿಯಲ್ಲಿ. ನೆಲದ ಮೇಲಿದ್ದಾಗ ಮೊಣಕಾಲು ಗಟ್ಟಿಯಾಗಿರಬೇಕು. ಗಾಳಿಯಲ್ಲಿದ್ದಾಗ ಸಡಿಲವಾಗಿ, ಸುಮಾರು 60 ಡಿಗ್ರಿ ಮಡಚಬೇಕು. ಮಡಚಿದರೆ ಕಾಲು ಗಿಡ್ಡವಾಗುತ್ತದೆ, ಬೆರಳು ನೆಲಕ್ಕೆ ತಾಗುವುದಿಲ್ಲ.

ಹಳೆಯ ಕ್ಯಾಲಿಪರ್ ಎರಡೂ ಹೊತ್ತು ಗಟ್ಟಿ. ಬೀಸುವಾಗ ಕಾಲು ಕೋಲಿನಂತೆ ನೇರ ಇರುತ್ತದೆ. ಹಾಗಾಗಿ ಸೊಂಟ ಎತ್ತಿ, ಕುಡುಗೋಲು ಬೀಸಿದಂತೆ ಕಾಲನ್ನು ಹೊರಗಿನಿಂದ ತಿರುಗಿಸಿ ತರಬೇಕು. ದಿನಕ್ಕೆ ಸಾವಿರಾರು ಸಲ, ಹತ್ತಾರು ವರ್ಷ. ಸೊಂಟ ಮತ್ತು ಬೆನ್ನು ಸವೆಯುವುದು ಇಲ್ಲಿಂದ. ಒಳ್ಳೆಯ ಕಾಲಿನ ಮೊಣಕಾಲಿಗೂ ಪೆಟ್ಟು.

ಭಾರದ ಸಮಸ್ಯೆಗೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ಉತ್ತರ ಸಿಕ್ಕಿತ್ತು. ಎ.ಪಿ.ಜೆ. ಅಬ್ದುಲ್ ಕಲಾಂ ಹೈದರಾಬಾದಿನಲ್ಲಿ ಕ್ಷಿಪಣಿ ಕೆಲಸದಲ್ಲಿದ್ದಾಗ, ನಿಜಾಮ್ ವೈದ್ಯಕೀಯ ಸಂಸ್ಥೆಯ ಒಬ್ಬ ಮೂಳೆ ವೈದ್ಯರು ಅಗ್ನಿ ಕ್ಷಿಪಣಿಗೆ ಮಾಡಿದ ಹಗುರ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿದರು. ನಂತರ ಕಲಾಂ ಅವರನ್ನು ಆಸ್ಪತ್ರೆಗೆ ಕರೆದೊಯ್ದು, ಮೂರು ಕಿಲೋಗಿಂತ ಜಾಸ್ತಿ ಭಾರದ ಕ್ಯಾಲಿಪರ್ ಎಳೆದುಕೊಂಡು ನಡೆಯುವ ಮಕ್ಕಳನ್ನು ತೋರಿಸಿದರು. ಮೂರು ವಾರದಲ್ಲಿ 300 ಗ್ರಾಂ ತೂಕದ ಕ್ಯಾಲಿಪರ್ ತಯಾರಾಯಿತು. ಕಲಾಂ ಇದನ್ನು ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಆದರೆ ತೂಕ ಇಳಿದ ಮಾತ್ರಕ್ಕೆ ಲಾಕಿನ ಸಮಸ್ಯೆ ಬಗೆಹರಿಯುವುದಿಲ್ಲ. ಊರುವಾಗ ಹಿಡಿ, ಬೀಸುವಾಗ ಬಿಡು ಅನ್ನುವುದನ್ನು ಉಕ್ಕಿನ ಬಳೆಗೆ ಹೇಳಿಕೊಡುವುದು ಹೇಗೆ?

ತಾನೇ ಹಾಕಿ ತೆಗೆಯುವ ಲಾಕ್

ಮೊದಲು ಬಂದದ್ದು ಕಂಪ್ಯೂಟರ್ ಇಲ್ಲದ ಉಪಾಯ. ಇಂಥ ಕ್ಯಾಲಿಪರ್‌ಗಳಲ್ಲಿ ಪಾದ ಬಾಗುವಾಗ ಒಂದು ತಂತಿ ಎಳೆದು ಲಾಕ್ ತೆರೆಯುತ್ತದೆ, ಅಥವಾ ಕಾಲು ಎಷ್ಟು ವಾಲಿದೆ ಅನ್ನುವುದರ ಮೇಲೆ ಒಳಗಿನ ಸಣ್ಣ ಲೋಲಕ ಅದನ್ನು ಬಿಡಿಸುತ್ತದೆ. ಕಾಲು ಮುಂದೆ ಬಂದು ನೇರವಾದರೆ ಮತ್ತೆ ಲಾಕ್. ಸಮತಟ್ಟು ನೆಲದಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹಲವು ಮಾದರಿಗಳಲ್ಲಿ ಕಾಲು ಪೂರ್ತಿ ನೇರ ಆಗದಿದ್ದರೆ ಲಾಕ್ ಬೀಳುವುದಿಲ್ಲ. ಕಲ್ಲು ಎಡವಿದಾಗ, ಇಳಿಜಾರಿನಲ್ಲಿ, ಮಳೆಗಾಲದ ಎರೆ ಮಣ್ಣಿನಲ್ಲಿ ಅದನ್ನು ನಂಬುವುದು ಕಷ್ಟ.

ಇದು ಸಮಯಕ್ಕೆ ಸರಿಯಾಗಿ ಕೆಂಪು ಹಸಿರು ಬದಲಿಸುವ ಸಿಗ್ನಲ್ ಇದ್ದ ಹಾಗೆ. ರಸ್ತೆಯಲ್ಲಿ ಏನು ಬರುತ್ತಿದೆ ಅಂತ ಅದು ನೋಡುವುದಿಲ್ಲ. ಬೆಳಗಾವಿಯ ಚನ್ನಮ್ಮ ಸರ್ಕಲ್‌ನಲ್ಲಿ ನಿಂತ ಟ್ರಾಫಿಕ್ ಪೊಲೀಸ್ ಹಾಗಲ್ಲ. ನಾಲ್ಕೂ ಕಡೆ ಕಣ್ಣಿಟ್ಟು, ಯಾರನ್ನು ಹಿಡಿಯಬೇಕು, ಯಾರನ್ನು ನಿಧಾನ ಬಿಡಬೇಕು ಅಂತ ಆ ಗಳಿಗೆಗೆ ತೀರ್ಮಾನ ಮಾಡುತ್ತಾನೆ. ಕಂಪ್ಯೂಟರ್ ಬ್ರೇಸ್ ಮಾಡುವುದು ಈ ಪೊಲೀಸನ ಕೆಲಸ.

ಒಂದು ಸಿರಿಂಜ್ ತೆಗೆದುಕೊಳ್ಳಿ

ಸೂಜಿ ಇಲ್ಲದ ಸಿರಿಂಜ್‌ಗೆ ನೀರು ತುಂಬಿ ಒತ್ತಿ. ನೀರು ಸರ್ರನೆ ಹೊರಗೆ ಹೋಗುತ್ತದೆ. ಈಗ ತುದಿಯ ತೂತನ್ನು ಬೆರಳಿನಿಂದ ಅರ್ಧ ಮುಚ್ಚಿ ಒತ್ತಿ. ಕೈಗೆ ಬಿಗಿ ಅನಿಸುತ್ತದೆ, ನಿಧಾನ ಇಳಿಯುತ್ತದೆ. ಪೂರ್ತಿ ಮುಚ್ಚಿದರೆ ಅಲುಗಾಡುವುದೇ ಇಲ್ಲ.

ಬ್ರೇಸಿನ ಮೊಣಕಾಲ ಕೀಲಿನಲ್ಲಿ ಇಂಥದ್ದೇ ಒಂದು ಸಿಲಿಂಡರ್ ಇದೆ, ಒಳಗೆ ಎಣ್ಣೆ. ಮೊಣಕಾಲು ಮಡಚಿದಾಗ ಎಣ್ಣೆ ಒಂದು ಸಣ್ಣ ದಾರಿಯಲ್ಲಿ ಹರಿಯಬೇಕು. ಆ ದಾರಿಗೆ ಒಂದು ವಾಲ್ವ್. ವಾಲ್ವ್ ತೆರೆದರೆ ಮೊಣಕಾಲು ಸಡಿಲ, ಮುಚ್ಚಿದರೆ ಗಟ್ಟಿ, ಅರ್ಧ ಮುಚ್ಚಿದರೆ ನಿಧಾನವಾಗಿ ಬಾಗುತ್ತದೆ. ಬ್ಯಾಂಕಿನ ಬಾಗಿಲು ದಡ್ಡನೆ ಬಡಿಯದೆ ಮೆಲ್ಲಗೆ ಮುಚ್ಚಿಕೊಳ್ಳುತ್ತದಲ್ಲ, ಮೇಲಿರುವ ಆ ಡೋರ್ ಕ್ಲೋಸರ್ ಒಳಗೂ ಇದೇ ಎಣ್ಣೆ, ಇದೇ ಸಣ್ಣ ದಾರಿ.

ಈ ಅರ್ಧ ಮುಚ್ಚಿದ ಸ್ಥಿತಿಯಲ್ಲೇ ಇಡೀ ಸಾಧನದ ಜೀವ ಇದೆ. ಬಾವಿಗೆ ಕೊಡ ಇಳಿಸುವುದನ್ನು ನೆನಪಿಸಿಕೊಳ್ಳಿ. ಹಗ್ಗವನ್ನು ಪೂರ್ತಿ ಬಿಟ್ಟರೆ ಕೊಡ ಬಡಿದು ಒಡೆಯುತ್ತದೆ. ಪೂರ್ತಿ ಹಿಡಿದರೆ ಇಳಿಯುವುದೇ ಇಲ್ಲ. ಹಿಡಿದು ಹಿಡಿದು ಬಿಡಬೇಕು. ನಾವು ಕುರ್ಚಿಯಲ್ಲಿ ಕೂರುವಾಗ, ದಿಬ್ಬ ಇಳಿಯುವಾಗ ತೊಡೆಯ ಸ್ನಾಯು ಮಾಡುವುದು ಇದನ್ನೇ. ಹಳೆಯ ಲಾಕಿಗೆ ಹಿಡಿಯುವುದು ಮಾತ್ರ ಗೊತ್ತು. ಹಿಡಿದು ಹಿಡಿದು ಬಿಡುವುದು ಈ ವಾಲ್ವ್‌ಗೆ ಬರುತ್ತದೆ.

ಕಾಲು ಏನು ಮಾಡುತ್ತಿದೆ ಅಂತ ಅದಕ್ಕೆ ಹೇಗೆ ಗೊತ್ತು?

ಕೀಲಿನೊಳಗೆ ಸೆನ್ಸರ್‌ಗಳಿವೆ. ಮೊಣಕಾಲು ಎಷ್ಟು ಡಿಗ್ರಿ ಮಡಚಿದೆ, ಎಷ್ಟು ವೇಗದಲ್ಲಿ ಮಡಚುತ್ತಿದೆ ಅಂತ ಒಂದು ನೋಡುತ್ತದೆ. ಕಾಲು ಮುಂದೆ ವಾಲಿದೆಯಾ, ಹಿಂದೆ ಇದೆಯಾ, ಬೀಸುತ್ತಿದೆಯಾ ಅಂತ ಇನ್ನೊಂದು. ನಿಮ್ಮ ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅಂಥದ್ದೇ ಸೆನ್ಸರ್ ಇದು.

ಈ ಬಗೆಯ ಬ್ರೇಸ್‌ಗಳಲ್ಲಿ ಹೆಚ್ಚು ಹೆಸರಾದದ್ದು ಜರ್ಮನಿಯ ಓಟ್ಟೊಬೊಕ್ ಕಂಪನಿಯ ಸಿ-ಬ್ರೇಸ್. ಅದರ ಕಂಪ್ಯೂಟರ್ ಸೆಕೆಂಡಿಗೆ 100 ಸಲ ಸೆನ್ಸರ್‌ಗಳನ್ನು ಕೇಳಿ, ವಾಲ್ವ್ ಎಷ್ಟು ತೆರೆಯಬೇಕು ಅಂತ ಲೆಕ್ಕ ಹಾಕುತ್ತದೆ. ಬಲಗಾಲು ಊರಿ, ಎಡಗಾಲು ಊರಿ, ಮತ್ತೆ ಬಲಗಾಲು ಊರಲು ನಮಗೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ನೂರು ತೀರ್ಮಾನ ಮಾಡಿರುತ್ತದೆ. ಹಿಮ್ಮಡಿ ನೆಲಕ್ಕೆ ತಾಗಿದಾಗ ಬಿಗಿ. ಮೈಭಾರ ಪಾದದ ಮುಂಭಾಗಕ್ಕೆ ದಾಟಿ ಕಾಲು ಏಳಲು ಸಿದ್ಧವಾದಾಗ ಸಡಿಲ. ಬೀಸುವ ನಡುವೆ ಎಡವಿದರೆ ತಕ್ಷಣ ಮತ್ತೆ ಬಿಗಿ. ಲಾಕ್ ಬೀಳಲು ಕಾಲು ನೇರ ಆಗಲಿ ಅಂತ ಅದು ಕಾಯುವುದಿಲ್ಲ.

ಈ ಲೆಕ್ಕಾಚಾರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದೇ ಕಂಪನಿ ಕಾಲು ಕತ್ತರಿಸಿಹೋದವರಿಗಾಗಿ 1997ರಲ್ಲಿ ಸಿ-ಲೆಗ್ ಎಂಬ ಕಂಪ್ಯೂಟರ್ ಮೊಣಕಾಲನ್ನು ತೋರಿಸಿತ್ತು. ಕಾಲು ಇದ್ದೂ ಶಕ್ತಿ ಇಲ್ಲದವರಿಗೆ ಅದೇ ವಿದ್ಯೆಯನ್ನು ಒಗ್ಗಿಸಿ 2012ರಲ್ಲಿ ಸಿ-ಬ್ರೇಸ್ ತಂದರು. 2018ರ ಮಾದರಿ ಇನ್ನೂ ಸಣ್ಣದಾಯಿತು, ಪ್ಯಾಂಟಿನ ಒಳಗೆ ಹಾಕಿಕೊಳ್ಳುವಷ್ಟು.

ತೊಡೆ ಮತ್ತು ಮೀನಖಂಡ ಹಿಡಿಯುವ ಚಿಪ್ಪನ್ನು ಸಾಮಾನ್ಯವಾಗಿ ಕಾರ್ಬನ್ ಫೈಬರ್‌ನಲ್ಲಿ, ಆಯಾ ವ್ಯಕ್ತಿಯ ಕಾಲಿನ ಅಚ್ಚು ತೆಗೆದು ಮಾಡುತ್ತಾರೆ. ಹಾಗಾಗಿ ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಬ್ಯಾಟರಿ ಒಂದು ದಿನಕ್ಕೆ ಸಾಕು, ರಾತ್ರಿ ಚಾರ್ಜ್‌ಗೆ ಹಾಕಬೇಕು. "ನಡುದಾರಿಯಾಗ ಚಾರ್ಜ್ ಮುಗದ್ರ?" ಅಂತ ಕಾಕಾ ಕೇಳಿದರು. ಚಾರ್ಜ್ ಮುಗಿದರೆ ಕೀಲು ಬಿಗಿಯಾಗಿಯೇ ಉಳಿಯುವಂತೆ ಮಾಡಿದ್ದಾರೆ. ನಡಿಗೆ ಹಳೆಯ ಕ್ಯಾಲಿಪರ್ ಹಾಗೆ ಆಗುತ್ತದೆ, ಆದರೆ ಮೊಣಕಾಲು ಫಕ್ಕನೆ ಕುಸಿಯುವುದಿಲ್ಲ.

ಗೋಳಗುಮ್ಮಟದ ಮೆಟ್ಟಿಲು

ಶಾಲೆಯಿಂದ ವಿಜಯಪುರಕ್ಕೆ ಪ್ರವಾಸ ಹೋದಾಗ ಕಾಕಾ ಗೋಳಗುಮ್ಮಟದ ಕೆಳಗೇ ಕೂತಿದ್ದರಂತೆ, ಎಲ್ಲರ ಚಪ್ಪಲಿ ಕಾಯುತ್ತಾ. ಪಿಸುಗುಟ್ಟುವ ಗ್ಯಾಲರಿಗೆ ಹೋಗಲು ಮೂಲೆಯ ಗೋಪುರದೊಳಗಿನ ಕಿರಿದಾದ ಮೆಟ್ಟಿಲು ಹತ್ತಬೇಕು, ಏಳು ಅಂತಸ್ತು. ಲಾಕ್ ಹಾಕಿದ ಕಾಲಿನಲ್ಲಿ ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಜೋಡಿಸಿ ನಿಂತು, ಮತ್ತೆ ಮುಂದಿನದು. ಹಿಂದೆ ಜನ ಕಾಯುತ್ತಾರೆ.

ಕಂಪ್ಯೂಟರ್ ಬ್ರೇಸ್ ಇದ್ದರೆ ಇಳಿಯುವುದು ಬದಲಾಗುತ್ತದೆ. ಮೆಟ್ಟಿಲ ಅಂಚಿಗೆ ಅರ್ಧ ಪಾದ ಇಟ್ಟು ಭಾರ ಹಾಕಿದರೆ, ಮೊಣಕಾಲು ಬಾವಿಯ ಕೊಡದ ಹಾಗೆ ಮೆಲ್ಲಗೆ ಬಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಕಾಲು ಕೆಳಗಿನ ಮೆಟ್ಟಿಲು ಮುಟ್ಟಿರುತ್ತದೆ. ವಿಡಿಯೊದಲ್ಲಿ ಕಾಕಾ ನೋಡಿದ್ದು ಇದನ್ನೇ. ಕಲಿಯಲು ಅಭ್ಯಾಸ ಬೇಕು. ಐವತ್ತು ವರ್ಷ ಮೊಣಕಾಲು ಮಡಚದಂತೆ ಎಚ್ಚರ ಇದ್ದವರಿಗೆ ಅದರ ಮೇಲೆ ಭಾರ ಹಾಕಿ ಬಾಗಲು ಬಿಡುವ ಧೈರ್ಯ ಬರಲು ಫಿಸಿಯೊಥೆರಪಿಸ್ಟ್ ಪಕ್ಕದಲ್ಲಿದ್ದು ಹಲವು ದಿನ ಕಲಿಸಬೇಕಾಗುತ್ತದೆ.

ಹತ್ತುವುದು ಬೇರೆ ಮಾತು. ಹತ್ತಲು ಮೈಯನ್ನು ಮೇಲಕ್ಕೆ ತಳ್ಳುವ ಬಲ ಬೇಕು. ಈ ಬ್ರೇಸ್ ತಳ್ಳುವುದಿಲ್ಲ, ಹಿಡಿಯುತ್ತದೆ ಮತ್ತು ಬಿಡುತ್ತದೆ, ಅಷ್ಟೇ. ಹತ್ತುವಾಗ ಈಗಲೂ ಒಳ್ಳೆಯ ಕಾಲೇ ಮುಂದೆ. ಅದರೊಳಗಿನ ಪುಟ್ಟ ಮೋಟಾರ್ ತಿರುಗಿಸುವುದು ವಾಲ್ವನ್ನು, ಕಾಲನ್ನಲ್ಲ.

ಮೋಟಾರ್‌ನಿಂದಲೇ ಕಾಲು ಎತ್ತಿ ಇಡುವ ಯಂತ್ರಗಳೂ ಇವೆ. ಅವಕ್ಕೆ ಎಕ್ಸೊಸ್ಕೆಲಿಟನ್ ಅನ್ನುತ್ತಾರೆ. ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲಿನ ಶಕ್ತಿ ಪೂರ್ತಿ ಹೋದವರಿಗಾಗಿ ಮಾಡಿದ್ದು. ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡ ಇಸ್ರೇಲಿನ ಎಂಜಿನಿಯರ್ ಅಮಿತ್ ಗೋಫರ್ ರೂಪಿಸಿದ ರಿವಾಕ್ ಎಂಬ ಯಂತ್ರಕ್ಕೆ 2014ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಎರಡನ್ನೂ ಒಂದೇ ಅಂತ ತಿಳಿದು ವಿಡಿಯೊ ಹಂಚುವವರು ಬಹಳ. ಎಕ್ಸೊಸ್ಕೆಲಿಟನ್ ನಡೆಸುತ್ತದೆ. ಬ್ರೇಸ್ ಹಾಕಿಕೊಂಡವರು ತಾವೇ ನಡೆಯುತ್ತಾರೆ.

ಯಾರಿಗೆ ಹೊಂದುತ್ತದೆ?

ತಾವೇ ನಡೆಯಬೇಕು ಅಂದಮೇಲೆ ಕಾಲನ್ನು ಮುಂದಕ್ಕೆ ಬೀಸುವಷ್ಟು ಶಕ್ತಿ ಸೊಂಟದ ಹತ್ತಿರ ಉಳಿದಿರಬೇಕು. ಮೈ ನೇರ ಹಿಡಿಯಲು ಬರಬೇಕು. ಪೋಲಿಯೊ ಆದವರು, ಬೆನ್ನುಹುರಿಗೆ ಅರೆಬರೆ ಪೆಟ್ಟಾದವರು, ತೊಡೆಯ ನರಕ್ಕೆ ಪೆಟ್ಟಾದವರು ಈ ಗುಂಪಿಗೆ ಬರಬಹುದು. ಲಕ್ವಾ ಹೊಡೆದು ಪಾದ ಮಾತ್ರ ಜೋತುಬೀಳುವವರಿಗೆ ಇಷ್ಟು ದೊಡ್ಡದು ಬೇಡ. ಮೊಣಕಾಲಿನ ಕೆಳಗೆ ನಿಲ್ಲುವ ಪ್ಲಾಸ್ಟಿಕ್ ಸ್ಪ್ಲಿಂಟ್ ಸಾಕಾಗಬಹುದು.

ಇನ್ನೊಂದು ಮುಖ್ಯ ಮಾತು. ವರ್ಷಗಟ್ಟಲೆ ಮಡಚಿ ಕೂತ ಮೊಣಕಾಲಿನ ಹಿಂದಿನ ಸ್ನಾಯುಗಳು ಗಿಡ್ಡವಾಗಿ, ಕಾಲು ಪೂರ್ತಿ ನೇರ ಆಗದೆ ಉಳಿಯುತ್ತದೆ. ಸಿ-ಬ್ರೇಸ್‌ಗೆ ಈ ಬಾಗು ಸೊಂಟದಲ್ಲಾಗಲಿ ಮೊಣಕಾಲಿನಲ್ಲಾಗಲಿ 10 ಡಿಗ್ರಿ ಮೀರಬಾರದು. ಮೈತೂಕ 125 ಕಿಲೋ ಒಳಗಿರಬೇಕು. ಸ್ನಾಯುಗಳು ಜಾಸ್ತಿ ಸೆಟೆಯುವವರಿಗೂ ಇದು ಆಗುವುದಿಲ್ಲ.

ಪೋಲಿಯೊ ಆದವರು ಈಗ ಈ ವಿಷಯ ತಿಳಿಯಬೇಕಾದದ್ದಕ್ಕೆ ಒಂದು ಕಾರಣ ಇದೆ. ಭಾರತದಲ್ಲಿ ಕಾಡು ವೈರಸ್ಸಿನ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ರೋಗ ಹೋಯಿತು, ಆದರೆ ಅದು ಮುಟ್ಟಿದ ಜನ ನಮ್ಮ ನಡುವೆಯೇ ಇದ್ದಾರೆ, ವಯಸ್ಸಾಗುತ್ತಿದ್ದಾರೆ. ಅವರಲ್ಲಿ ಕೆಲವರಿಗೆ ಹತ್ತಾರು ವರ್ಷದ ನಂತರ ಹೊಸದಾಗಿ ನಿಶ್ಶಕ್ತಿ, ಸುಸ್ತು, ನೋವು ಶುರುವಾಗುತ್ತದೆ. ಪೋಸ್ಟ್ ಪೋಲಿಯೊ ಸಿಂಡ್ರೋಮ್ ಅಂತ ಅದರ ಹೆಸರು. ಅಂದು ಬದುಕುಳಿದ ನರಕೋಶಗಳು ಸತ್ತವುಗಳ ಪಾಲಿನ ಕೆಲಸವನ್ನೂ ಹೊತ್ತುಕೊಂಡಿದ್ದವು. ನಾಲ್ಕು ಎತ್ತಿನ ಹೊಲವನ್ನು ಎರಡೇ ಎತ್ತು ಉಳುತ್ತಾ ಬಂದ ಹಾಗೆ. ಆ ಎತ್ತುಗಳು ಈಗ ದಣಿದಿವೆ. ಇಂಥವರು ಜಿದ್ದಿಗೆ ಬಿದ್ದು ಕಸರತ್ತು ಮಾಡಿದರೆ ನಿಶ್ಶಕ್ತಿ ಹೆಚ್ಚಬಹುದು. ವೈದ್ಯರು ಹೇಳಿದಷ್ಟೇ ಮಾಡಬೇಕು.

ದುಡ್ಡಿನ ಮಾತು

ಬೆಲೆ ಲಕ್ಷಗಳಲ್ಲಿದೆ. ಇದರ ಸೋದರನಾದ ಕಂಪ್ಯೂಟರ್ ಮೊಣಕಾಲಿನ, ಅಂದರೆ ಕೃತಕ ಕಾಲಿನ ಲೆಕ್ಕ ಹೇಳಿದರೆ ಅಂದಾಜು ಸಿಗುತ್ತದೆ. ಇಸ್ರೊ 2022ರ ಸೆಪ್ಟೆಂಬರ್‌ನಲ್ಲಿ ತಾನು ಅಂಥದ್ದೊಂದನ್ನು ರೂಪಿಸುತ್ತಿರುವುದಾಗಿ ತಿಳಿಸಿತು. ಹೊರದೇಶದಿಂದ ಬರುವುದಕ್ಕೆ 10ರಿಂದ 60 ಲಕ್ಷ ರೂಪಾಯಿ ಆಗುತ್ತದೆ, ನಮ್ಮದು 4ರಿಂದ 5 ಲಕ್ಷಕ್ಕೆ ಸಿಗಬಹುದು ಅನ್ನುವುದು ಆಗಿನ ಅಂದಾಜು. ಸೆನ್ಸರ್, ವಾಲ್ವ್, ಲೆಕ್ಕಾಚಾರ ಎರಡಕ್ಕೂ ಹತ್ತಿರ ಹತ್ತಿರ ಒಂದೇ. ಕೃತಕ ಕಾಲಿನಲ್ಲಿ ಆಗುವ ಕೆಲಸ ನಾಳೆ ಕ್ಯಾಲಿಪರ್‌ಗೂ ಬರಲಿ ಅನ್ನುವುದು ನನ್ನ ಮನಸಾರೆ ಆಸೆ.

ಸರ್ಕಾರದ ಸಾಧನ ಸಲಕರಣೆ ಯೋಜನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಾಮೂಲಿ ಕ್ಯಾಲಿಪರ್, ಊರುಗೋಲು, ತ್ರಿಚಕ್ರ ಸೈಕಲ್, ಗಾಲಿಕುರ್ಚಿ. ಅದೂ ಸಣ್ಣದಲ್ಲ. ಆದರೆ ಅಳತೆ ಸರಿ ಇರಬೇಕು. ಒಮ್ಮೆ ಒಂದು ಶಿಬಿರದಲ್ಲಿ ಕಾಕಾರಿಗೆ ಕೊಟ್ಟ ಕ್ಯಾಲಿಪರ್ ತೊಡೆಯ ಒಳಭಾಗಕ್ಕೆ ಉಜ್ಜಿ ಗಾಯ ಮಾಡಿತು. ಅದನ್ನು ಮಾಳಿಗೆಗೆ ಎಸೆದು ಹಳೆಯದನ್ನೇ ಹಾಕಿಕೊಂಡರು. ಎಷ್ಟೇ ದುಬಾರಿ ಬ್ರೇಸ್ ಆದರೂ ಚಿಪ್ಪು ಸರಿ ಕೂರದಿದ್ದರೆ ಅದರ ಗತಿಯೂ ಅಷ್ಟೇ.

ನಮ್ಮ ಕಡೆ ಎಲ್ಲಿಂದ ಶುರು ಮಾಡುವುದು?

ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇಲ್ಲದಿದ್ದರೆ ಮೊದಲು ಅವರ ಹತ್ತಿರ ಹೋಗಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಮೂಳೆ ವಿಭಾಗದಲ್ಲಿ ಕಾಲಿನ ಯಾವ ಸ್ನಾಯುವಿಗೆ ಎಷ್ಟು ಬಲ ಇದೆ ಅಂತ ಪರೀಕ್ಷೆ ಮಾಡಿಸಿ, ಬರೆಸಿಕೊಳ್ಳಿ. ಕ್ಯಾಲಿಪರ್ ಮಾಡುವವರಿಗೆ ಆರ್ಥೋಟಿಸ್ಟ್ ಅನ್ನುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳುವುದು ತಪ್ಪಲ್ಲ. ಕಂಪ್ಯೂಟರ್ ಬ್ರೇಸ್ ಬಗ್ಗೆ ಮಾತು ಬಂದರೆ ದುಡ್ಡು ಕಟ್ಟುವ ಮುಂಚೆ ಟ್ರಯಲ್ ಬ್ರೇಸ್ ಹಾಕಿ ನಡೆದು ನೋಡಲು ಕೇಳಿ. ನೆಲದ ಮೇಲೆ ಕೂತು ಊಟ ಮಾಡುವವರು, ಹೊಲಕ್ಕೆ ಹೋಗುವವರು ಅದನ್ನೂ ಹೇಳಿ. ರಿಪೇರಿಗೆ ಎಷ್ಟು ದೂರ ಹೋಗಬೇಕು, ಆ ದಿನಗಳಲ್ಲಿ ಏನು ಹಾಕಿಕೊಳ್ಳಬೇಕು ಅನ್ನುವುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಕಾಕಾರನ್ನು ನಾನು ಒಬ್ಬ ಆರ್ಥೋಟಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಅವರು ವಿಡಿಯೊ ನೋಡಲಿಲ್ಲ. ಕಾಕಾರನ್ನು ಮಲಗಿಸಿ, ಮೊಣಕಾಲಿನ ಪಕ್ಕಕ್ಕೆ ಕೋನ ಅಳೆಯುವ ಪಟ್ಟಿ ಹಿಡಿದು, ಕಾಲನ್ನು ಎಷ್ಟು ಆಗುತ್ತೋ ಅಷ್ಟು ನೇರ ಮಾಡಿದರು. ಬಾಗು 13 ಡಿಗ್ರಿ ಇತ್ತು. ಸದ್ಯಕ್ಕೆ ಹಗುರವಾದ ಹೊಸ ಕ್ಯಾಲಿಪರ್‌ಗೆ ಅಚ್ಚು ತೆಗೆದುಕೊಂಡರು, ಒಂದು ವ್ಯಾಯಾಮ ಹೇಳಿಕೊಟ್ಟರು, ಆರು ತಿಂಗಳು ಬಿಟ್ಟು ಬರಲು ಹೇಳಿದರು. ಈಗ ಸಂಜೆ ಅಂಗಡಿ ಮುಚ್ಚಿ ಬಂದಮೇಲೆ ಕಾಕಾ ಮಂಚದ ಮೇಲೆ ಬೋರಲು ಮಲಗಿ, ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ಅಂಚಿನಾಚೆ ಇಳಿಬಿಡುತ್ತಾರೆ. ಕಾಲಿನ ಭಾರಕ್ಕೇ ಅದು ಸ್ವಲ್ಪ ಸ್ವಲ್ಪ ಹಿಗ್ಗಲಿ ಅಂತ. ಕಾಕು ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂತಿರುತ್ತಾರೆ. ಹತ್ತು ನಿಮಿಷ.